ದೊರೆಗೆ ಬೇರೆ ಡಬ್ಬಿ

ಜನವರಿ 16, ಸೋಮವಾರ

ಡಾಕ್ಟರಮ್ಮ ಹೇಳಿದ್ದಕ್ಕೆ ಈ ನೋಟ್‌ಬುಕ್ ತಂದೆ. ನಾಯಿ ಏನೇನು ತಿಂದಿತು, ಎಷ್ಟು ಸಲ ಕೆರೆದುಕೊಂಡಿತು, ದಿನಾ ಬರೆದಿಡಿ ಅಂದರು. ನಾನು ಆರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು, ನಾನು ತಪ್ಪು ಬರೆದು ಔಷಧಿ ತಪ್ಪಾಗಿಬಿಟ್ಟರೆ ಏನು ಗತಿ ಅಂತ ಕೇಳಿದೆ. "ನಿಮ್ಮ ಅಕ್ಷರಕ್ಕೆ ನಾನು ಮಾರ್ಕ್ಸ್ ಹಾಕಲ್ಲಮ್ಮ. ನಿಮಗೆ ತಿಳಿದರೆ ಸಾಕು" ಅಂದರು.

ದೊರೆಗೆ ನಾಲ್ಕು ವರ್ಷ. ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡಿದೆ. ಹೊಟ್ಟೆಯ ಕೆಳಗೆ ಕೂದಲೇ ಉಳಿದಿಲ್ಲ, ಚರ್ಮ ಒರಟಾಗಿ ಕಪ್ಪಗಾಗಿದೆ. ಪಾದ ನೆಕ್ಕಿ ನೆಕ್ಕಿ ಬೆರಳ ಸಂದಿಯೆಲ್ಲ ಕೆಂಪು. ಎರಡು ವರ್ಷದಿಂದ ಇಂಜೆಕ್ಷನ್ ಹಾಕಿಸುತ್ತಿದ್ದೇವೆ. ಹದಿನೈದು ದಿನ ಚೆನ್ನಾಗಿರುತ್ತಾನೆ, ಮತ್ತೆ ಅದೇ ಕಥೆ. ಊಟದ ಅಲರ್ಜಿ ಇರಬೇಕು ಅನ್ನುವುದು ಡಾಕ್ಟರಮ್ಮನ ಅನುಮಾನ. ಎಂಟು ವಾರ ಸಿಹಿಗೆಣಸು ಮತ್ತು ಮೀನು, ಎರಡೇ ಎರಡು. ಬೇರೆ ಒಂದು ಚೂರೂ ಬಾಯಿಗೆ ಹೋಗಕೂಡದು. ಆಮೇಲೆ ಒಂದು ಸಲಕ್ಕೆ ಒಂದೇ ಪದಾರ್ಥ ಸೇರಿಸುತ್ತಾ ಹೋಗಬೇಕು. ಯಾವುದಕ್ಕೆ ತುರಿಕೆ ಏಳುತ್ತದೋ ಅದೇ ಕಳ್ಳ.

ಇವತ್ತು ಕೆರೆದದ್ದು ಅರವತ್ತೊಂದು ಸಲ. ನಾನು ಮೇಕೆ ಹಾಲು ಕರೆಯುವಾಗ ಎಷ್ಟು ಕೆರೆದನೋ ಗೊತ್ತಿಲ್ಲ.

ಜನವರಿ 21, ಶನಿವಾರ

ಬೆಳಿಗ್ಗೆ ಕೋಳಿಗಳಿಗೆ ಎಸೆದ ಬ್ರೆಡ್ ಚೂರನ್ನು ಮೂಸುತ್ತಿದ್ದ. ತಿಂದನೋ ಇಲ್ಲವೋ ನೋಡಲಿಲ್ಲ. ಬಾಯಿ ತೆರೆಸಿ ಬೆರಳು ಹಾಕಿ ತಡಕಿದೆ. ಐದು ದಿನದ ಕಷ್ಟ ನೀರುಪಾಲಾಯಿತೋ ಏನೋ. ಡಾಕ್ಟರಮ್ಮನಿಗೆ ಮೂರು ಸಲ ಫೋನ್ ಮಾಡಿ ಮೂರು ಸಲವೂ ರಿಂಗ್ ಆಗುವ ಮೊದಲೇ ಇಟ್ಟೆ.

ನಮ್ಮವರು ವೈರಿಂಗ್ ಕೆಲಸ ಮುಗಿಸಿ ಬಂದವರು ನಕ್ಕರು. "ನಿನ್ನ ಚಿಂತೆಗೊಂದು ತಂತಿ ಎಳೆದುಬಿಟ್ರೆ ಇಡೀ ಬೀದಿಗೆ ಕರೆಂಟ್ ಕೊಡಬಹುದು ಕಣೇ."

ಅಕ್ಕನಿಗೆ ಫೋನ್ ಮಾಡಿದೆ. "ಪುಕ್ಕಿ, ನಾಯಿ ಅದು. ಕೆರ್ಕೊಳ್ಳೋದೇ ಅದರ ಉದ್ಯೋಗ" ಅಂದಳು. ಪುಕ್ಕಲಿ ಅಂತ ಚಿಕ್ಕಂದಿನಿಂದ ನನಗೆ ಅವಳಿಟ್ಟ ಹೆಸರು ಪುಕ್ಕಿ. ಅಮ್ಮ ಹಾಸಿಗೆ ಹಿಡಿದಾಗ ಮನೆಯಲ್ಲಿ ಒಬ್ಬಳು ನಿಲ್ಲಬೇಕಾಯಿತು, ನಾನು ನಿಂತೆ. ಅಕ್ಕ ಓದಿದಳು, ಆಫೀಸಿನಲ್ಲಿ ದೊಡ್ಡ ಕುರ್ಚಿಗೆ ಹೋದಳು, ಈಗ ಅದನ್ನೂ ಬಿಟ್ಟು ಮನೆಯಲ್ಲಿದ್ದಾಳೆ. ಅವಳಿಗೆ ಗೊತ್ತಿಲ್ಲದ್ದು ಇಲ್ಲ. ಅವಳು ಹಾಗೆ ಅಂದ ಮೇಲೆ ಸ್ವಲ್ಪ ಸಮಾಧಾನವಾಯಿತು.

ಮಾರ್ಚ್ 14, ಮಂಗಳವಾರ

ಎಂಟು ವಾರ ನಿನ್ನೆಗೆ ಮುಗಿಯಿತು. ಇವತ್ತು ಕೆರೆದದ್ದು ನಾಲ್ಕೇ ಸಲ. ಅದರಲ್ಲೂ ಒಂದು ಸಲ ನೊಣಕ್ಕೆ. ಹೊಟ್ಟೆಯ ಮೇಲೆ ಎಳೆಗೂದಲು ಬಂದಿದೆ. ಕೈ ಆಡಿಸಿದರೆ ಜೋಳದ ತೆನೆಯ ಕೂದಲಿನ ಹಾಗೆ ಇದೆ. ಸಂತೋಷಪಡಲು ಭಯ. ದೃಷ್ಟಿ ತಾಗಿದರೆ ಅಂತ ಯಾರಿಗೂ ಹೇಳಿಲ್ಲ, ಅಕ್ಕನಿಗೆ ಬಿಟ್ಟು.

ಏಪ್ರಿಲ್ 20, ಗುರುವಾರ

ಅಕ್ಕಿ, ಏನೂ ಆಗಲಿಲ್ಲ. ಕುಂಬಳಕಾಯಿ, ಏನೂ ಆಗಲಿಲ್ಲ. ಮೇಕೆ ಹಾಲು, ಅಗಸೆ ಬೀಜ, ಏನೂ ಆಗಲಿಲ್ಲ. ಸೋಮವಾರ ಗೋಧಿ ಹಿಟ್ಟು ಕಲಸಿ ಸುಟ್ಟು ಒಂದು ತುಂಡು ಕೊಟ್ಟೆ. ಇವತ್ತು ಐವತ್ತು ಸಲ ದಾಟಿತು, ಎಣಿಸುವುದು ಬಿಟ್ಟೆ. ಕಿವಿಯಿಂದ ಹುಳಿ ವಾಸನೆ.

ಕಳ್ಳ ಸಿಕ್ಕಿದ. ಎರಡು ವರ್ಷದಿಂದ ನಾನೇ ನನ್ನ ಕೈಯಾರೆ ತಟ್ಟೆಗೆ ಹಾಕುತ್ತಿದ್ದೆ. ಅವನು ಬಾಲ ಆಡಿಸಿ ತಿನ್ನುತ್ತಿದ್ದ.

ಮೇ 7, ಭಾನುವಾರ

ಅಂಗಡಿಯ ನಾಯಿ ಬಿಸ್ಕತ್ತಿನ ಪೊಟ್ಟಣ ಹನ್ನೊಂದು ಬಗೆಯದು ತಿರುಗಿಸಿ ನೋಡಿದೆ, ಹನ್ನೊಂದರಲ್ಲೂ ಗೋಧಿ. ಹಾಗಾಗಿ ನಾನೇ ಮಾಡಿದೆ. ಹಿತ್ತಲಿನ ಸಿಹಿಗೆಣಸು, ಕುಂಬಳ, ನಮ್ಮ ಮೇಕೆ ಹಾಲು, ಅಕ್ಕಿ ಹಿಟ್ಟು, ಅಗಸೆ ಬೀಜದ ಪುಡಿ. ಒಂದು ಸಾಲು ಸೀದುಹೋಯಿತು. ಉಳಿದದ್ದನ್ನು ದೊರೆ ಕಣ್ಣು ಮುಚ್ಚಿ ತಿಂದ. ಅವನಿಗೆ ಆಗಿಬರುವಂಥ ತಿಂಡಿ ನನ್ನ ಕೈಯಲ್ಲಾಯಿತಲ್ಲ ಅಂತ ಒಲೆಯ ಮುಂದೆಯೇ ಕೂತುಬಿಟ್ಟೆ.

ಡಾಕ್ಟರಮ್ಮ ಒಂದು ಡಬ್ಬಿ ಒಯ್ದರು. ಅವರ ಆಸ್ಪತ್ರೆಗೆ ಬರುವ ತುರಿಕೆ ನಾಯಿಗಳಿಗೆ ಕೊಟ್ಟರಂತೆ. ಆರು ಮನೆಯವರು ಇನ್ನಷ್ಟು ಬೇಕು ಅಂತ ಕೇಳಿದ್ದಾರೆ. ನಾನು ಮಾಡಿದ್ದನ್ನು ದುಡ್ಡು ಕೊಟ್ಟು ಕೊಳ್ಳುತ್ತಾರಾ? ಯಾವುದಾದರೂ ನಾಯಿಗೆ ಹೊಟ್ಟೆನೋವು ಬಂದರೆ?

ಮೇ 28, ಭಾನುವಾರ

ಅಕ್ಕ ಬಂದಿದ್ದಳು. ಒಂದು ಬಿಸ್ಕತ್ತು ಮುರಿದು ತಾನೇ ಬಾಯಿಗೆ ಹಾಕಿಕೊಂಡಳು. "ಉಪ್ಪು ಹಾಕಿದ್ರೆ ನಾವೂ ತಿನ್ನಬಹುದು. ಏ ಪುಕ್ಕಿ, ಆರು ಮನೆಗೆ ಯಾಕೆ, ಆರು ನೂರು ಮನೆಗೆ ಕೊಡೋಣ."

ಎಲ್ಲ ಅವಳೇ ತೀರ್ಮಾನಿಸಿದಳು. ಬೆಳೆಯುವುದು, ಬೇಯಿಸುವುದು, ಅರೆಯುವುದು ನನ್ನದು. ಅರೆದದ್ದನ್ನು ಕ್ಯಾನಿಗೆ ತುಂಬಿ ನಮ್ಮವರು ಸ್ಕೂಟರಿನಲ್ಲಿ ಅಕ್ಕನ ಮನೆಗೆ ಮುಟ್ಟಿಸಬೇಕು. ಅವಳ ಮನೆಯಲ್ಲಿ ದೊಡ್ಡ ಒವನ್ ಇದೆ. ಹಿಟ್ಟು ಕಲಸಿ, ಬೇಯಿಸಿ, ಪೊಟ್ಟಣ ಕಟ್ಟಿ, ಅಂಗಡಿಗೆ ಹಾಕುವುದು ಅವಳದು. ಪೊಟ್ಟಣದ ಮೇಲೆ ದೊರೆಯ ಫೋಟೋ. ಕೆಳಗೆ "ಗೋಧಿ ಒಂದು ಕಾಳೂ ಇಲ್ಲ" ಅಂತ ದಪ್ಪಕ್ಷರ. ಅದರ ಕೆಳಗೆ ನನ್ನ ಫೋನ್ ನಂಬರು.

"ನನ್ನದು ಯಾಕೆ? ನಿನ್ನದು ಹಾಕು" ಅಂದೆ.

"ತುರಿಕೆ ನಾಯಿ ಸಾಕಿದವಳು ನೀನು. ಜನ ನಿನ್ನ ಮಾತು ನಂಬ್ತಾರೆ. ನನ್ನ ಮಾತು ಕೇಳಿದ್ರೆ ಇನ್ಶೂರೆನ್ಸ್ ಮಾರೋಕೆ ಬಂದಿದಾಳೆ ಅಂದ್ಕೊಳ್ತಾರೆ."

ನಮ್ಮವರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆಮೇಲೆ ಫೋನ್ ರಿಂಗ್ ಆಗುತ್ತಾ ಎಂದು ಸಂಜೆಯವರೆಗೆ ಕೈಯಲ್ಲೇ ಹಿಡಿದುಕೊಂಡಿದ್ದೆ.

ಜುಲೈ 2, ಭಾನುವಾರ

ಅಂಗಡಿಯವನು ಎರಡು ಪೆಟ್ಟಿಗೆ ವಾಪಸ್ ಕಳಿಸಿದ್ದಾನೆ. ಬಿಸ್ಕತ್ತು ಪೊಟ್ಟಣದೊಳಗೇ ಪುಡಿಪುಡಿ. ಅಕ್ಕಿ ಹಿಟ್ಟಿಗೆ ಹಿಡಿತ ಇಲ್ಲ, ನನಗೆ ಅದು ಮೊದಲಿಂದ ಗೊತ್ತು. ಅಗಸೆ ಪುಡಿ ನೆನೆಸಿ ಲೋಳೆ ಮಾಡಿ ಹಾಕು, ನಿಧಾನವಾಗಿ ಬೇಯಿಸು, ತಣ್ಣಗಾಗುವವರೆಗೆ ಮುಟ್ಟಬೇಡ ಅಂದೆ. "ಒಂದು ಸಲಕ್ಕೆ ಮೂರು ಗಂಟೆ ಕೂತರೆ ಮಾರೋದು ಯಾವಾಗ?" ಅಂತ ಅಕ್ಕ ಮುಖ ಗಂಟು ಹಾಕಿಕೊಂಡಳು. ಎಲ್ಲ ನನ್ನಿಂದಲೇ ಆಯಿತು ಅನ್ನಿಸುತ್ತಿದೆ.

ಜುಲೈ 19, ಬುಧವಾರ

ಪುಡಿಯಾಗುವುದು ನಿಂತಿದೆ! ಮೇಜಿನ ಮೇಲಿಂದ ಕೆಡವಿ ತೋರಿಸಿದಳು, ಒಂದೂ ಮುರಿಯಲಿಲ್ಲ. "ಒವನ್ ಶಾಖ ಹದಕ್ಕೆ ಬಂತು ನೋಡು" ಅಂದಳು. ನಾನು ಲೋಳೆಯ ವಿಷಯ ಅಷ್ಟು ಹೇಳಿದ್ದು ಸುಮ್ಮನೆ.

ದೊರೆಗೆ ಅಂತ ಬೇರೆ ಡಬ್ಬಿ ಕೊಟ್ಟು ಕಳಿಸಿದ್ದಾಳೆ. "ಮುರಿದ ಚೂರೆಲ್ಲ ಅವನಿಗೆ. ಮಾರೋ ಪೊಟ್ಟಣ ಒಡೀಬೇಡ, ಖರ್ಚಾದ ಹಾಗೆ ನಾನೇ ತುಂಬಿ ಕಳಿಸ್ತೀನಿ." ನನ್ನ ನಾಯಿಯ ಬಗ್ಗೆ ಅವಳಿಗೆ ಇಷ್ಟು ಅಕ್ಕರೆ ಇದೆ ಅಂದುಕೊಂಡಿರಲಿಲ್ಲ. ಮುರಿಯುವುದೇ ನಿಂತ ಮೇಲೆ ಡಬ್ಬಿ ತುಂಬ ಚೂರು ಎಲ್ಲಿಂದ ಬಂತೋ. ಕೇಳೋಣ ಅಂತ ನಾಲಿಗೆ ತುದಿಗೆ ಬಂತು, ಕೇಳಲಿಲ್ಲ. ಕೊಟ್ಟದ್ದನ್ನು ಅನುಮಾನಿಸುವ ಬುದ್ಧಿ ನನಗೇಕೆ.

ಆಗಸ್ಟ್ 10, ಗುರುವಾರ

ದರ್ಜಿಯವರು ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವರ ಅಂಗಡಿ. ವಯಸ್ಸಾದವರು, ಒಬ್ಬರೇ. ಅವರ ನಾಯಿಯ ಹೆಸರು ಸೂಜಿ. "ಮರಿಯಿದ್ದಾಗ ಹಲ್ಲು ಹಾಗಿತ್ತು ತಾಯಿ, ಈಗ ಮೊಂಡ ಸೂಜಿ" ಅಂದರು. ಹೊಲಿಗೆ ಯಂತ್ರದ ಕೆಳಗೆ, ಪೆಡಲಿನ ಪಕ್ಕವೇ ಅದು ಮಲಗುವುದಂತೆ. ಅವರ ಕಾಲು ಆಡುವುದು ನಿಂತರೆ ಅದಕ್ಕೆ ಎಚ್ಚರವಾಗುತ್ತದಂತೆ.

ಸೂಜಿಗೂ ಗೋಧಿ ಆಗದು. ನಮ್ಮ ಬಿಸ್ಕತ್ತಿನಿಂದ ಮೊದಮೊದಲು ಬಹಳ ಚೆನ್ನಾಗಿದ್ದಳು. ಈಗ ಎರಡು ವಾರದಿಂದ ಮತ್ತೆ ತುರಿಕೆ. "ಬಿಸ್ಕತ್ತಲ್ಲಿ ಏನಾದ್ರೂ..." ಅಂತ ಬಹಳ ಸಂಕೋಚದಿಂದ ಕೇಳಿದರು.

ಹಿಟ್ಟಿನಲ್ಲಿ ಏನಾದರೂ ಬಿದ್ದಿರಬಹುದಾ ಅನ್ನಿಸಿತು. ಆದರೆ ದೊರೆ ಅಲ್ಲೇ ಮಲಗಿದ್ದ. ಅವನನ್ನು ಮಗುಚಿ ಹೊಟ್ಟೆ ತೋರಿಸಿದೆ. "ನೋಡಿ, ಇವನು ದಿನಾ ಅದನ್ನೇ ತಿನ್ನೋದು. ಬೇರೆ ಏನೋ ಇದೆ ನಿಮ್ಮನೇಲಿ." ಡಾಕ್ಟರಮ್ಮ ನನಗೆ ಕಲಿಸಿದ್ದನ್ನೆಲ್ಲ ಅವರಿಗೆ ಹೇಳಿಕೊಟ್ಟೆ. ಬೇರೆಲ್ಲ ನಿಲ್ಲಿಸಿ, ಮೀನು ಮತ್ತು ನಮ್ಮ ಬಿಸ್ಕತ್ತು ಎರಡೇ ಕೊಡಿ. ಅವರು ಅಳತೆ ಪುಸ್ತಕದ ಹಿಂದೆ ಒಂದೊಂದೇ ಬರೆದುಕೊಂಡರು. ನಾನು ಹೇಳಿದ್ದನ್ನು ಇನ್ನೊಬ್ಬರು ಬರೆದುಕೊಂಡದ್ದು ಇದೇ ಮೊದಲು.

ಆಗಸ್ಟ್ 26, ಶನಿವಾರ

ಸೂಜಿಗೆ ಇನ್ನೂ ಜಾಸ್ತಿಯಾಗಿದೆ. ನಾನೇ ಅಂಗಡಿಗೆ ಹೋಗಿ ನೋಡಿದೆ. ಚಿಕ್ಕ ಬಿಳಿ ನಾಯಿ, ಪಾದವೆಲ್ಲ ತುಕ್ಕು ಬಣ್ಣಕ್ಕೆ ತಿರುಗಿದೆ. ನೆಲದ ತುಂಬ ಬಟ್ಟೆಯ ಚೂರು, ದಾರ, ನೂಲಿನ ಧೂಳು. ಹೊಸ ಬಟ್ಟೆಗೆ ಗಂಜಿ ಹಾಕಿರುತ್ತಾರಲ್ಲ, ಆ ಧೂಳೇ ಇರಬೇಕು ಅಂದೆ. ಸ್ವಲ್ಪ ದಿನ ಅಂಗಡಿಯಿಂದ ಹೊರಗೆ ಮಲಗಿಸಿ ನೋಡಿ ಅಂದೆ.

"ಅವಳು ಈ ಯಂತ್ರದ ಸದ್ದಿಲ್ಲದೆ ಮಲಗಲ್ಲ ತಾಯಿ."

"ಅವಳ ಒಳ್ಳೇದಕ್ಕೆ ಯಜಮಾನರೇ."

"ನೀವು ಅನುಭವಸ್ಥರು" ಅಂದರು. ಹಿಂದಿನ ಅಂಗಳದಲ್ಲಿ ತಗಡಿನ ಮರೆ ಕಟ್ಟಿಸುತ್ತಾರಂತೆ.

ಸೆಪ್ಟೆಂಬರ್ 12, ಮಂಗಳವಾರ

ಇನ್ನೂ ಎರಡು ಫೋನ್. ಒಬ್ಬರು ಬಸ್ ಕಂಡಕ್ಟರ್, ಒಬ್ಬರು ನರ್ಸ್. ಅದೇ ಮಾತು: ಮೊದಲು ಚೆನ್ನಾಗಿತ್ತು, ಈಗ ಇಲ್ಲ. ಇಬ್ಬರಿಗೂ ದೊರೆಯ ಕಥೆ ಹೇಳಿದೆ. ಹೇಳುವಾಗ ನನ್ನ ದನಿಯೇ ಬೇರೆ ಯಾರದೋ ಅನ್ನಿಸಿತು.

ಮಧ್ಯಾಹ್ನ ಅಕ್ಕನ ಮನೆಗೆ ಹೋದೆ. ಬಾಗಿಲಲ್ಲೇ ಕೇಳಿಬಿಟ್ಟೆ. "ಅಕ್ಕ, ಹಿಟ್ಟಲ್ಲಿ ಏನಾದ್ರೂ ಬದಲಾಯಿಸಿದ್ಯಾ?"

ಅವಳು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ನನ್ನ ಹೆಗಲ ಮೇಲೆ ಕೈ ಇಟ್ಟಳು. "ಗ್ಯಾಸ್ ಆರಿಸಿದೀನಾ ಅಂತ ಅರ್ಧ ದಾರಿಯಿಂದ ವಾಪಸ್ ಹೋಗೋಳು ನೀನು. ಎಷ್ಟು ಸಲ ಆರಿರಲಿಲ್ಲ ಹೇಳು?"

"ಒಂದು ಸಲಾನೂ ಇಲ್ಲ."

"ಮತ್ತೆ? ನಿನ್ನ ನಾಯಿ ಹೇಗಿದೆ?"

"ಚೆನ್ನಾಗಿದೆ."

"ನಿನ್ನ ತಲೇಲಿ ಹುಳ ಇದೆ ಕಣೇ, ಹಿಟ್ಟಲ್ಲಿಲ್ಲ."

ತಪ್ಪಾಯಿತು ಅಂದೆ. ಬರುವಾಗ ಡಬ್ಬಿ ತುಂಬಿ ಕೊಟ್ಟಳು. ಅಕ್ಕನನ್ನೇ ಅನುಮಾನಿಸಿದೆನಲ್ಲ ಅಂತ ದಾರಿಯುದ್ದಕ್ಕೂ ನಾಚಿಕೆ. ಮನೆಗೆ ಬಂದು ನೋಡಿದೆ, ಗ್ಯಾಸ್ ಆರಿಸಿಯೇ ಇತ್ತು.

ಸೆಪ್ಟೆಂಬರ್ 27, ಬುಧವಾರ

ಸೂಜಿಯ ಎಡಗಣ್ಣು. ತಗಡಿನ ಅಂಚಿಗೆ ಮುಖ ಉಜ್ಜಿ ಉಜ್ಜಿ, ಉಗುರಿನಿಂದ ಕೆರೆದು ಕೆರೆದು, ಕಣ್ಣಿನ ಮೇಲೆ ಹುಣ್ಣಾಗಿದೆ. ಡಾಕ್ಟರಮ್ಮ ಕತ್ತಿನ ಸುತ್ತ ಬುಟ್ಟಿಯಂಥದ್ದನ್ನು ಕಟ್ಟಿದ್ದಾರೆ. ಕಣ್ಣು ಉಳಿಯುವುದು ಕಷ್ಟ ಅಂದರಂತೆ.

"ಹೊರಗೆ ಹಾಕಿದ್ದಕ್ಕೆ ನನ್ನ ಮೇಲೆ ಮುನಿಸು ತಾಯಿ ಅವಳಿಗೆ. ಕರೆದ್ರೆ ಬರಲ್ಲ" ಅಂದರು ದರ್ಜಿಯವರು. "ಬಿಸ್ಕತ್ತು ಮಾತ್ರ ಬಿಡದೆ ಕೊಡ್ತಿದೀನಿ" ಅಂದರು.

ಊಟ ಸೇರಲಿಲ್ಲ.

ಅಕ್ಟೋಬರ್ 6, ಶುಕ್ರವಾರ

ಅಕ್ಕ ತನ್ನ ಮಗಳ ಹೆರಿಗೆಗೆ ಅಂತ ಹೋಗಿ ಹತ್ತು ದಿನವಾಯಿತು. ಡಬ್ಬಿ ಸೋಮವಾರವೇ ಖಾಲಿ. ಎಲ್ಲ ಒಂದೇ ತಾನೇ ಎಂದು, ಕೇಳಿಕೊಂಡು ಬಂದವರಿಗೆ ಅಂತ ಮನೆಯಲ್ಲಿಟ್ಟಿದ್ದ ಮಾರುವ ಪೊಟ್ಟಣ ಒಡೆದು ಕೊಟ್ಟೆ.

ಇವತ್ತು ದೊರೆ ಬೆಳಗಿನಿಂದ ಕೆರೆಯುತ್ತಿದ್ದಾನೆ. ನಲವತ್ತೆರಡು. ಕಿವಿಯಲ್ಲಿ ಅದೇ ಹುಳಿ ವಾಸನೆ.

ಹೊಸ ಸೋಪಿನ ಪುಡಿಯಾ? ಹಿತ್ತಲಲ್ಲಿ ಹುಲ್ಲು ಹೂ ಬಿಟ್ಟಿದೆ, ಅದಾ? ಮೇಕೆಗಳಿಂದ ಉಣ್ಣಿ ಹುಳ ಹತ್ತಿತಾ? ಹಾಸಿಗೆ ತೊಳೆದೆ. ನೆಲವನ್ನು ಬರೀ ನೀರಿನಲ್ಲಿ ಮೂರು ಸಲ ಒರೆಸಿದೆ. ಮೇಕೆಗಳನ್ನು ಆಚೆ ಕಟ್ಟಿದೆ. ಎಲ್ಲ ಮುಗಿದ ಮೇಲೆ ಪಾಪ ಎಂದು ಅವನಿಗೆ ಎರಡು ಬಿಸ್ಕತ್ತು ಕೊಟ್ಟೆ.

ಕೊಟ್ಟ ಮೇಲೆ ಕೈ ನೋಡಿಕೊಂಡೆ.

ಅಕ್ಟೋಬರ್ 7, ಶನಿವಾರ

ಡಬ್ಬಿಯ ತಳದಲ್ಲಿ ಒಂದು ಚೂರು ಅಂಟಿಕೊಂಡಿತ್ತು. ಅದನ್ನು ಒಂದು ಬಟ್ಟಲು ನೀರಿಗೆ ಹಾಕಿದೆ. ಪೊಟ್ಟಣದ ಬಿಸ್ಕತ್ತನ್ನು ಇನ್ನೊಂದು ಬಟ್ಟಲಿಗೆ. ಹಾಲು ಕರೆದು ಬರುವಷ್ಟರಲ್ಲಿ ಡಬ್ಬಿಯದು ಕರಗಿ ಗಂಜಿಯಾಗಿತ್ತು. ಅಕ್ಕಿ ಹಿಟ್ಟು ಹಾಗೇ ಆಗಬೇಕು. ಪೊಟ್ಟಣದ್ದು ನೆನೆದ ಬ್ರೆಡ್ಡಿನ ಹಾಗೆ ಉಬ್ಬಿ ಇಡಿಯಾಗಿ ನಿಂತಿತ್ತು. ಬೆರಳಲ್ಲಿ ಒತ್ತಿದೆ. ಮೆತ್ತಗೆ ಒಳಗೆ ಹೋಗಿ ಮೇಲೆ ಬಂತು.

ಎರಡು ಕಣಕ. ಅವಳು ಎರಡು ಬೇರೆ ಬೇರೆ ಕಣಕ ಕಲಸುತ್ತಿದ್ದಳು.

ನಮ್ಮವರು ತಿಂಡಿಗೆ ಕೂತಿದ್ದರು. ಎರಡೂ ಬಟ್ಟಲು ಅವರ ಮುಂದೆ ಇಟ್ಟೆ. ಅವರು ಬಟ್ಟಲು ನೋಡಲಿಲ್ಲ, ನನ್ನ ಮುಖ ನೋಡಿದರು. ಅಷ್ಟಕ್ಕೇ ತಿಳಿಯಿತು.

"ನಿಮಗೆ ಗೊತ್ತಿತ್ತು."

"ಸ್ಕೂಟರಲ್ಲಿ ಮೈದಾ ಮೂಟೆ ತಂದುಕೊಡು ಅಂದ್ಲು, ತಂದುಕೊಟ್ಟೆ. ಸ್ವಲ್ಪ ಅಂಟಿಗೆ ಅಷ್ಟೆ ಅಂದ್ಲು."

"ಮೈದಾ ಗೋಧಿಯದ್ದೇ ಅಲ್ವೇನ್ರೀ?"

"ನಿನಗೆ ಹೇಳಬೇಡ ಅಂದ್ಲು ಕಣೇ. ಹೇಳಿದ್ರೆ ನೀನು ಊಟ ಬಿಡ್ತೀಯ, ತಲೆ ಕೆಡಿಸ್ಕೊಳ್ತೀಯ. ನಿನ್ನ ಸ್ವಭಾವ ಗೊತ್ತಲ್ಲ."

"ಎರಡು ತಿಂಗಳಿಂದ ನಾನು ಊಟ ಬಿಡಲಿಲ್ವಾ? ಪಕ್ಕದಲ್ಲಿ ಕೂತು ನೋಡ್ತಿದ್ರಲ್ಲ."

ಅವರು ತಟ್ಟೆ ಬಿಟ್ಟು ಎದ್ದು ಕೈ ತೊಳೆದುಕೊಂಡರು. ಇದುವರೆಗೆ ನನ್ನ ಮೇಲೆ ಎಷ್ಟು ತಮಾಷೆ ಮಾಡಿದ್ದಾರೆ, ಇವತ್ತು ಒಂದೂ ಇರಲಿಲ್ಲ.

ಅಕ್ಟೋಬರ್ 8, ಭಾನುವಾರ

ದೊರೆ, ಮೂವತ್ತೇಳು ಸಲ. ಬೇರೆ ಬರೆಯಲು ಕೈ ಬರುತ್ತಿಲ್ಲ.

ಅಕ್ಟೋಬರ್ 11, ಬುಧವಾರ

ಅಕ್ಕ ಬೆಳಿಗ್ಗೆ ಊರಿಂದ ಬಂದಳು. ಹನ್ನೊಂದು ಗಂಟೆಗೆ ಹೋದೆ. ಮೊಮ್ಮಗುವಿನ ಫೋಟೋ ತೋರಿಸಿದಳು. ನೋಡಿದೆ. ಚೆನ್ನಾಗಿದೆ ಮಗು. ಆಮೇಲೆ ಕೇಳಿದೆ.

ಇಲ್ಲ ಅನ್ನುತ್ತಾಳೆ ಅಂದುಕೊಂಡಿದ್ದೆ. ಅವಳು ಒವನ್ ಪಕ್ಕದ ಡ್ರಮ್ಮಿನ ಮುಚ್ಚಳ ತೆಗೆದು ತಾನೇ ತೋರಿಸಿದಳು. "ನಾಲ್ಕರಲ್ಲಿ ಒಂದು ಪಾಲು. ಅಷ್ಟೇ. ಅಂಗಡಿಯವನು ಮೂರನೇ ಸಲ ವಾಪಸ್ ಕಳಿಸಿದ್ರೆ ಮತ್ತೆ ತಗೊಳ್ಳಲ್ಲ ಅಂದಿದ್ದ. ನಿನ್ನ ಲೋಳೆ, ನಿನ್ನ ಮೂರು ಗಂಟೆ, ಅದೆಲ್ಲ ಒಂದು ನಾಯಿಗೆ ಸರಿ ಪುಕ್ಕಿ, ವ್ಯಾಪಾರಕ್ಕಾಗಲ್ಲ. ಎಲ್ಲಾ ನಾಯಿಗೂ ಗೋಧಿ ಆಗಲ್ಲ ಅಂತೇನಿಲ್ಲ. ಮುಕ್ಕಾಲುವಾಸಿ ಜನ ಸುಮ್ನೆ ಫ್ಯಾಷನ್ನಿಗೆ ಕೊಳ್ಳೋದು."

"ಆಗದೇ ಇರೋ ನಾಯಿಗಳು?"

"ನಿನ್ನ ನಾಯಿಗೆ ನಾನು ಕೊಟ್ನಾ? ಹೇಳು. ಪ್ರತಿ ವಾರ ಬೇರೆ ಪಾತ್ರೆ, ಬೇರೆ ತಟ್ಟೆ, ಬೇರೆ ಕಣಕ. ಅವನಿಗೆ ಏನೂ ಆಗಬಾರದು ಅಂತ ಎಷ್ಟು ಎಚ್ಚರ ವಹಿಸಿದೆ ಗೊತ್ತಾ ನಿನಗೆ?"

ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದಳು. ಅದೂ ನಿಜವೇ ಇರಬೇಕು. ಅವಳ ಮಟ್ಟಿಗೆ ಅದು ಪ್ರೀತಿಯೇ.

"ಎಚ್ಚರ ವಹಿಸಿದೆ ಅಂದ್ರೆ ಏನಾಗುತ್ತೆ ಅಂತ ನಿನಗೆ ಗೊತ್ತಿತ್ತು. ದರ್ಜಿಯವರಿಗೆ ನಾನು ನನ್ನ ನಾಯಿ ಹೊಟ್ಟೆ ಮಗುಚಿ ತೋರಿಸಿದೆ ಅಕ್ಕ. ಅದೊಂದನ್ನೇ ಕೊಡಿ ಅಂದೆ."

"ಅದಕ್ಕೆ ನಾನೇನು ಮಾಡ್ಲಿ? ಅಷ್ಟು ಉಪದೇಶ ಮಾಡು ಅಂತ ನಿನಗೆ ಹೇಳಿದ್ದು ಯಾರು?"

ಎದ್ದು ಬಂದೆ. ಗೇಟಿನ ಹತ್ತಿರ ಬಂದಾಗ ಹಿಂದಿನಿಂದ ಕೂಗಿದಳು, ಊರಿಗೆಲ್ಲ ಸಾರಬೇಡ, ಹಳೇ ಸರಕು ಖಾಲಿಯಾಗಲಿ, ಮುಂದಿನ ಸಲದಿಂದ ನಿನ್ನ ಥರಾನೇ ಮಾಡೋಣ ಅಂತ. ತಿರುಗಿ ನೋಡಲಿಲ್ಲ.

ಅಕ್ಟೋಬರ್ 12, ಗುರುವಾರ

ದರ್ಜಿಯವರ ಅಂಗಡಿಗೆ ಹೋದೆ. ಒಂದು ಕೋಟಿನ ತೋಳು ಬಿಚ್ಚುತ್ತಿದ್ದರು. ಸ್ಟೂಲು ಎಳೆದುಕೊಟ್ಟರು, ಕೂರಲಿಲ್ಲ. ಎಲ್ಲ ಹೇಳಿದೆ. ಮೈದಾ, ಡಬ್ಬಿ, ಎರಡು ಕಣಕ. ಎಲ್ಲಿಂದ ಶುರು ಮಾಡಬೇಕು ಅಂತ ದಾರಿಯಲ್ಲಿ ನೂರು ಸಲ ಹೇಳಿಕೊಂಡು ಬಂದಿದ್ದೆ, ಆದರೂ ಹಿಂದುಮುಂದಾಯಿತು. ನಮ್ಮಕ್ಕ ಹೀಗೆ ಮಾಡಿದಳು, ನಮ್ಮಕ್ಕ ನನಗೂ ಹೇಳಲಿಲ್ಲ ಅಂತ ಮತ್ತೆ ಮತ್ತೆ ಅಂದೆ.

ಅವರು ಬ್ಲೇಡು ಕೆಳಗಿಟ್ಟರು. ಆ ತೋಳನ್ನು ಮಡಚಿ ಪಕ್ಕಕ್ಕೆ ಸರಿಸಿದರು.

"ನಿಮ್ಮಕ್ಕನ್ನ ನಾನು ನೋಡೇ ಇಲ್ಲ ತಾಯಿ" ಅಂದರು. "ನಾನು ನಂಬಿದ್ದು ನಿಮ್ಮನ್ನ."

ಇಷ್ಟೇ ಅಂದರು. ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ. ಮೋಸ ಹೋದವಳು ನಾನು ಎಂದು ಅಂದುಕೊಂಡು ಹೋಗಿದ್ದೆ. ಅವರಿಗೆ ಮೋಸ ಮಾಡಿದ ಮುಖ ನನ್ನದೇ.

ಅವರು ಎದ್ದು ಹಿಂದಿನ ಬಾಗಿಲು ತೆರೆದರು. ಸೂಜಿಯನ್ನು ಎತ್ತಿಕೊಂಡು ಬಂದು ಯಂತ್ರದ ಕೆಳಗೆ ಇಳಿಸಿದರು. ಅದು ಒಪ್ಪಲಿಲ್ಲ, ಹೊಸಿಲ ಕಡೆಗೇ ಹೋಗಿ ನಿಂತಿತು. ಒಂದು ಕಣ್ಣಿನಲ್ಲಿ ಅವರನ್ನು ನೋಡುತ್ತಿತ್ತು. ಅವರು ಕೂತು ಸುಮ್ಮನೆ ಪೆಡಲು ತುಳಿಯತೊಡಗಿದರು. ಯಂತ್ರದಲ್ಲಿ ಬಟ್ಟೆ ಇರಲಿಲ್ಲ, ದಾರವೂ ಇರಲಿಲ್ಲ, ಬರೀ ಸದ್ದು. ನಾನು ಇರುವಷ್ಟು ಹೊತ್ತೂ ನಾಯಿ ಹತ್ತಿರ ಬರಲಿಲ್ಲ. ನಾನು ಹೊರಟೆ. ಬೀದಿಯ ಕೊನೆಯವರೆಗೂ ಪೆಡಲು ಕೇಳುತ್ತಿತ್ತು.

ಅಕ್ಟೋಬರ್ 20, ಶುಕ್ರವಾರ

ಅಂಗಡಿಗಳಿಂದ ಪೊಟ್ಟಣ ವಾಪಸ್ ತಂದಾಯಿತು. ಮೊದಲನೇ ಅಂಗಡಿಯವನು ಕೊಡುವುದಿಲ್ಲ ಅಂದ. "ನಿಮ್ಮಕ್ಕ ಹೇಳಲಿ, ಕೊಡ್ತೀನಿ." ಪೊಟ್ಟಣದ ಮೇಲಿರುವುದು ನನ್ನ ನಂಬರು, ಬೇಕಾದರೆ ಈಗಲೇ ಫೋನ್ ಹಚ್ಚಿ ನೋಡಿ ಅಂದೆ. ಹಚ್ಚಿದ. ನನ್ನ ಚೀಲದಲ್ಲಿ ರಿಂಗ್ ಆಯಿತು. ಕೊಟ್ಟ.

ಕೊಂಡವರಲ್ಲಿ ನಂಬರು ಸಿಕ್ಕಿದವರಿಗೆಲ್ಲ ಫೋನ್ ಮಾಡಿದೆ. ಕಂಡಕ್ಟರ್ ಬೈದ, ಇಡೀ ಬಸ್ಸಿಗೆ ಕೇಳುವ ಹಾಗೆ. ನರ್ಸ್ ಅತ್ತಳು. ಅಂಗಡಿಗಳ ಗೋಡೆಗೆ ಅಂಟಿಸಲು ಕಾಗದ ನಾನೇ ಬರೆದೆ: "ಈ ಬಿಸ್ಕತ್ತಿನಲ್ಲಿ ಗೋಧಿ ಇತ್ತು. ಇಲ್ಲ ಎಂದು ಹೇಳಿದವಳು ನಾನು. ತುರಿಕೆ ಇರುವ ನಾಯಿಗೆ ಕೊಡಬೇಡಿ." ಮೊದಲು ಅಕ್ಕನಿಗೆ ತೋರಿಸಿ ತಿದ್ದಿಸೋಣ ಅನ್ನಿಸಿದ್ದು ಕೈಗೆ ಹತ್ತಿದ ಅಂಟು ತೊಳೆಯುವಾಗ. ಆಗಲೇ ಅಂಟಿಸಿಯಾಗಿತ್ತು.

ನಮ್ಮವರು ದಿನವೂ ಸ್ಕೂಟರ್ ತಂದು ಬಾಗಿಲಲ್ಲಿ ನಿಲ್ಲಿಸಿ, ಎಲ್ಲಿಗೆ ಹೋಗಬೇಕು ಅಂತ ಕೇಳುತ್ತಾರೆ. ಹೇಳುತ್ತೇನೆ. ಅಷ್ಟೇ.

ಸೂಜಿಯ ಎಡಗಣ್ಣು ಹೋಯಿತು. ಬಲಗಣ್ಣಿಗೆ ಏನೂ ಆಗಿಲ್ಲ, ತುರಿಕೆ ಇಳಿಯುತ್ತಿದೆ, ಡಾಕ್ಟರಮ್ಮ ಹೇಳಿದರು. ದರ್ಜಿಯವರು ನಾನು ಕಳಿಸಿದ ಸಿಹಿಗೆಣಸಿನ ಬುಟ್ಟಿಯನ್ನು ಹಾಗೇ ವಾಪಸ್ ಕಳಿಸಿದ್ದಾರೆ.

ನವೆಂಬರ್ 12, ಭಾನುವಾರ

ಬೆಳಿಗ್ಗೆಯಿಂದ ನಿಧಾನ ಶಾಖದಲ್ಲಿ ಒಂದೇ ಒಂದು ತಟ್ಟೆ ಬೇಯಿಸಿದೆ, ಮೂರು ಗಂಟೆ. ನರ್ಸ್ ಬಂದು ಪಕ್ಕದಲ್ಲಿ ನಿಂತು ಅಕ್ಕಿ ಹಿಟ್ಟು ಹಾಕುವುದರಿಂದ ಹಿಡಿದು ಎಲ್ಲ ನೋಡಿ ತನ್ನ ನಾಯಿಗೆ ಒಯ್ದಳು. ಇನ್ನು ಮೇಲೆ ಬೇಕಾದವರು ಹೀಗೇ ಬರಲಿ. ಎಷ್ಟು ಜನ ಬರುತ್ತಾರೋ ಬರಲಿ.

ಅವಳು ಹೋದ ಮೇಲೆ ಅಕ್ಕ ಬಂದಳು. ಒಂದು ತಿಂಗಳ ನಂತರ. ಕೈಯಲ್ಲಿ ಡಬ್ಬಿ. "ಮೈದಾ ಡ್ರಮ್ ಕೊಟ್ಟುಬಿಟ್ಟೆ. ಇದು ಅಕ್ಕಿದೇ, ಪುಡಿಯಾಗಿದೆ ನೋಡು. ಆಣೆ ಮಾಡ್ಲಾ?"

ಆಣೆ ಬೇಡ ಅಂದೆ. ಡಬ್ಬಿ ಇಸಿದುಕೊಂಡೆ, ಕಟ್ಟೆಯ ಮೇಲೆ ಇಟ್ಟೆ, ತೆರೆಯಲಿಲ್ಲ. ದೊರೆ ಬಾಲ ಆಡಿಸಿಕೊಂಡು ಅವಳ ಕಾಲು ಸುತ್ತಿದ. ಅವನಿಗೇನು ಗೊತ್ತು.

"ನಿನ್ನ ಜೊತೆ ಕಲಸ್ತೀನಿ ಪುಕ್ಕಿ. ನಿನ್ನ ಕಣ್ಣೆದುರಿಗೇ" ಅನ್ನುತ್ತಾ ಚಪ್ಪಲಿ ಬಿಟ್ಟು, ನಾವಿಬ್ಬರೂ ಹುಟ್ಟಿದ ಈ ಮನೆಯಲ್ಲಿ ಚಿಕ್ಕಂದಿನಿಂದ ನಡೆದುಕೊಂಡ ಹಾಗೆ, ನೇರ ಅಡುಗೆಮನೆಯ ಕಡೆಗೆ ನಡೆದಳು.

"ಅಕ್ಕ" ಅಂದೆ. "ಬಾ, ಇಲ್ಲೇ ಕೂತ್ಕೋ. ಊಟ ಮಾಡ್ಕೊಂಡು ಹೋಗು. ಅಡುಗೆಮನೆಗೆ ಮಾತ್ರ ಬರಬೇಡ."

ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. ನಾನು ಹೀಗೆ ಹೇಳಿದ್ದು ನನಗೂ ಕೇಳಿಸಿತು. ಹೆದರಿಕೆಯಾಗಲಿಲ್ಲ. ಅವಳು ಹೊರಟುಹೋಗುತ್ತಾಳೆ ಅಂದುಕೊಂಡೆ. ಹೋಗಲಿಲ್ಲ. ಬಂದು ಚಾಪೆಯ ಮೇಲೆ ಕೂತಳು, ನೆಂಟರ ಹಾಗೆ, ಸೆರಗು ಸರಿ ಮಾಡಿಕೊಂಡು. ನಾನು ಒಳಗಿಂದ ತಟ್ಟೆ ತಂದು ಬಡಿಸಿದೆ. ತಲೆ ಬಗ್ಗಿಸಿ ತಿಂದಳು.

ಅರ್ಧ ಊಟಕ್ಕೆ ಕೈ ನಿಲ್ಲಿಸಿದಳು. "ಎಷ್ಟು ದಿನ ಹೀಗೆ?"

"ಗೊತ್ತಿಲ್ಲ ಅಕ್ಕ. ಇನ್ನೊಂಚೂರು ಹಾಕ್ಲಾ?"

ತಟ್ಟೆಯನ್ನು ನನ್ನ ಕಡೆಗೆ ಸರಿಸಿದಳು. ಹಾಕಿದೆ.